ಕೊರಿಯಾದ ಕಾಮಿಕ್ಸ್‌ಗೂ ಪುರವಣಿಯಲ್ಲಿ ಜಾಗ ಸಿಗಲಿ

ಮಾನ್ಯ ಸಂಪಾದಕರೇ,

ಕೊರಿಯಾದ ಗಾಯನ ತಂಡಗಳು, ಧಾರಾವಾಹಿಗಳು ಮತ್ತು ಅಲ್ಲಿನ ಊಟ-ಉಡುಪು ನಮ್ಮ ಯುವಜನರನ್ನು ಸೆಳೆಯುತ್ತಿರುವ ಬಗೆಯನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಅದರಲ್ಲಿ ಆ ದೇಶದ ಕಾಮಿಕ್ಸ್ ಬಗ್ಗೆ ಒಂದು ಮಾತೂ ಇಲ್ಲದ್ದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. ಕೊರಿಯಾದ ಜನ ತಮ್ಮ ಅಡುಗೆಮನೆ, ಕಚೇರಿ, ಕೂಲಿ ಮತ್ತು ಸಂಸಾರದ ಬಗ್ಗೆ ಏನನ್ನೂ ಮುಚ್ಚಿಡದೆ ಹೇಳಿಕೊಂಡಿರುವುದು ಧಾರಾವಾಹಿಗಳಿಗಿಂತ ಹೆಚ್ಚಾಗಿ ಕಾಮಿಕ್ಸ್‌ನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಾ ಯಂಗ್‌ಶಿನ್ ಎಂಬ ಕಲಾವಿದರ 'ತಾಯಂದಿರು' ಎಂಬರ್ಥದ ಪುಸ್ತಕ 2015ರಲ್ಲಿ ಹೊರಬಂತು. ಅವರು ತಮ್ಮ ತಾಯಿಗೆ ಒಂದು ನೋಟ್‌ಬುಕ್ ಕೊಟ್ಟು, ತನ್ನ ಮತ್ತು ತನ್ನ ಗೆಳತಿಯರ ಬದುಕನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಡುವಂತೆ ಕೇಳಿದರು. ಆ ತಾಯಿ ಬರೆದುಕೊಟ್ಟ ಸಂಗತಿಗಳ ಮೇಲೆಯೇ ಪುಸ್ತಕ ನಿಂತಿದೆ. ಐವತ್ತು ದಾಟಿದ ಕಥಾನಾಯಕಿ ಜೂಜುಕೋರ ಗಂಡನಿಂದ ಬೇರೆಯಾಗಿ, ಕಟ್ಟಡವೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಾ, ಬೆಳೆದ ಮಗನನ್ನು ಮನೆಯಲ್ಲಿಟ್ಟುಕೊಂಡು ಬದುಕುವ ಹೆಂಗಸು. ಆಕೆಗೆ ನೆಚ್ಚಲಾಗದ ಒಬ್ಬ ಪ್ರಿಯಕರನೂ ಇದ್ದಾನೆ. ಮೇಲ್ವಿಚಾರಕನ ದಬ್ಬಾಳಿಕೆ ಮಿತಿಮೀರಿದಾಗ ಜೊತೆಗಾರ್ತಿಯರು ಸಂಘ ಕಟ್ಟಲು ಹೊರಡುತ್ತಾರೆ. ತಾಯಿಯನ್ನು ದೇವರೆಂದು ಪೀಠಕ್ಕೇರಿಸಿ, ಆಕೆಯ ಆಸೆ, ಸಿಟ್ಟು, ಒಂಟಿತನಗಳ ಕಡೆಗೆ ಕಣ್ಣು ಹಾಯಿಸದಿರುವ ಸಮಾಜದಲ್ಲಿ ಒಬ್ಬ ಮಗ ಇಂಥ ಪುಸ್ತಕ ಬರೆದದ್ದು ಸಣ್ಣ ಸಂಗತಿಯಲ್ಲ. ಇಂಗ್ಲಿಷ್‌ಗೆ ಬಂದ ಮೇಲೆ ಅದಕ್ಕೆ 2021ರಲ್ಲಿ ಕಾಮಿಕ್ಸ್‌ಗೆಂದೇ ಇರುವ ಅಮೆರಿಕದ ಹಾರ್ವಿ ಪ್ರಶಸ್ತಿ ದೊರೆಯಿತು.

ಸೂ ಶಿನ್‌ಜಿ ಎಂಬ ಕಲಾವಿದೆ 2017ರಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಮ್ಯೊನುರಾಗಿ'ಯ ವಸ್ತು ನಮಗಂತೂ ತೀರ ಪರಿಚಿತವಾದದ್ದು. ಹೊಸದಾಗಿ ಮದುವೆಯಾದ, ಕೆಲಸಕ್ಕೂ ಹೋಗುವ ಮಿನ್ ಸಾರಿನ್ ಅತ್ತೆಮನೆಯಲ್ಲಿ ಒಳ್ಳೆಯ ಸೊಸೆ ಅನ್ನಿಸಿಕೊಳ್ಳಲು ಹೆಣಗುವ ಕಥೆ ಇದು. ಅತ್ತೆ ಇಲ್ಲಿ ಗಯ್ಯಾಳಿಯಲ್ಲ, ಗಂಡ ಕ್ರೂರಿಯಲ್ಲ, ಯಾರೂ ಯಾರ ಮೇಲೂ ಕೈ ಮಾಡುವುದಿಲ್ಲ. ಆದರೂ ಹಿರಿಯರ ಎಡೆಯ ದಿನ, ಆ ಹಿರಿಯರನ್ನು ಕಂಡೇ ಇರದ ಸೊಸೆಯಂದಿರು ಅಡುಗೆಮನೆಯಲ್ಲಿ ಬೇಯುತ್ತಾರೆ. ಆ ಹಿರಿಯರದೇ ರಕ್ತ ಹಂಚಿಕೊಂಡ ಗಂಡಸರು ಹಜಾರದಲ್ಲಿ ಕುಳಿತಿರುತ್ತಾರೆ. ಕಿರುಚಾಟವಿಲ್ಲದೆ, ಸೌಮ್ಯವಾದ ಗೆರೆಗಳಲ್ಲಿ, 'ನೀನು ಕೂತಿರು, ನಾನು ಸಹಾಯ ಮಾಡ್ತೀನಿ' ಎನ್ನುವಂಥ ಗಂಡನ ಒಳ್ಳೆಯ ಮಾತಿನೊಳಗೇ ಅಡಗಿರುವ ಅನ್ಯಾಯವನ್ನು ಲೇಖಕಿ ತೋರಿಸುತ್ತಾರೆ. ಕೆಲಸ ಯಾರ ಪೂರ್ವಿಕರದ್ದು, ಸಹಾಯ ಯಾರು ಯಾರಿಗೆ ಮಾಡಬೇಕು ಎಂಬ ಪ್ರಶ್ನೆ ಓದುವವರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. ಪಿತೃಪಕ್ಷದಲ್ಲಿ ಬೆಳಗಿನ ಜಾವದಿಂದ ಒಲೆಯ ಮುಂದೆ ನಿಲ್ಲುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಬೀಳದು.

ಇವೆರಡಕ್ಕಿಂತ ಕಠಿಣವಾದದ್ದು ಕಮ್ ಸುಕ್ ಜೆಂದ್ರಿ-ಕಿಮ್ ಅವರ 'ಹುಲ್ಲು'. ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ದೂಡಿದ ಲೀ ಓಕ್‌ಸುನ್ ಅವರನ್ನು ಸ್ವತಃ ಮಾತನಾಡಿಸಿ ಬರೆದ ಕೃತಿ ಇದು. ಶಾಲೆಗೆ ಕಳಿಸುತ್ತಾರೆಂಬ ಆಸೆಯ ಮೇಲೆ ಬಡ ತಂದೆ-ತಾಯಿ ಬೇರೊಬ್ಬರಿಗೆ ಒಪ್ಪಿಸಿದ ಆ ಹುಡುಗಿ, ಶಾಲೆಯ ಬದಲು ದುಡಿಮೆಗೆ ಬಿದ್ದು, 1942ರಲ್ಲಿ ಬೀದಿಯಿಂದಲೇ ಅಪಹರಣಕ್ಕೊಳಗಾಗಿ ಚೀನಾದ ಯಾನ್‌ಜಿಗೆ ಸಾಗಿಸಲ್ಪಟ್ಟಳು. ತಾಯ್ನಾಡಿಗೆ ಮರಳಿದ್ದು 2000ದಲ್ಲಿ. ಆಕೆಯ ಮೇಲೆ ನಡೆದ ಅತ್ಯಾಚಾರವನ್ನು ಕಲಾವಿದೆ ಚಿತ್ರಿಸುವುದಿಲ್ಲ. ಆ ಜಾಗದಲ್ಲಿ ಬರಿಯ ಕಪ್ಪು ಚೌಕಗಳಿವೆ. ನೊಂದ ಹೆಣ್ಣಿನ ದೇಹವನ್ನು ಮತ್ತೊಮ್ಮೆ ನೋಟಕ್ಕಿಡಬಾರದೆಂಬ ಈ ವಿವೇಕವನ್ನು ನಮ್ಮ ಸಿನಿಮಾದವರೂ ಸುದ್ದಿ ವಾಹಿನಿಯವರೂ ಗಮನಿಸಬೇಕೆಂದು ಒತ್ತಿ ಹೇಳಬಯಸುತ್ತೇನೆ. ಕುಂಚ ಮತ್ತು ಕಪ್ಪು ಶಾಯಿಯಲ್ಲಿ ಬರೆದ ಮರ, ಹುಲ್ಲು, ಬಯಲುಗಳ ಪುಟಗಳು ನಡುನಡುವೆ ಬರುತ್ತವೆ; ಮುದುಕಿಯ ಮಾತು ಮುಂದುವರಿಯಲಾಗದ ಕಡೆ ಓದುವವರೂ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾಗುತ್ತದೆ.

ಇಂಥ ಪುಸ್ತಕಗಳು ಒಂದು ಸಮಾಜದ ಮಾತುಕತೆಯನ್ನೇ ಹೇಗೆ ಬದಲಿಸಬಲ್ಲವು ಎಂಬುದಕ್ಕೆ ಯೂನ್ ತೇಹೊ ಅವರ 'ಮಿಸೇಂಗ್' ಸಾಕ್ಷಿ. 2012ರಲ್ಲಿ ಅಂತರ್ಜಾಲದಲ್ಲಿ ಆರಂಭವಾದ ಈ ಕಥೆಯ ನಾಯಕ ಜಾಂಗ್ ಗುರೆ, ವ್ಯಾಪಾರಿ ಕಂಪನಿಯೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ, ಕಾಯಂ ಆಗುವ ಭರವಸೆಯಿಲ್ಲದ ಯುವಕ. 2014ರಲ್ಲಿ ಇದು ಧಾರಾವಾಹಿಯಾಯಿತು. ಅದೇ ವರ್ಷದ ಕೊನೆಗೆ ಗುತ್ತಿಗೆ ನೌಕರಿಯ ಅವಧಿಯನ್ನು ಎರಡರಿಂದ ನಾಲ್ಕು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಸರ್ಕಾರ ಮುಂದಿಟ್ಟಾಗ ಅದಕ್ಕೆ 'ಜಾಂಗ್ ಗುರೆ ಕಾಯ್ದೆ' ಎಂಬ ಹೆಸರೇ ಬಿತ್ತು. ಕಾಯಂ ನೌಕರಿ ಇನ್ನಷ್ಟು ದೂರವಾಗುತ್ತದೆಂದು ವಿರೋಧಿಸಿದ ಕಾರ್ಮಿಕ ಸಂಘಟನೆಗಳೂ ಅದೇ ಹೆಸರು ಹಿಡಿದೇ ಬೀದಿಗಿಳಿದವು.

ಈ ಗೌರವ ಕೊರಿಯಾದ ಕಾಮಿಕ್ಸ್ ಕಲಾವಿದರಿಗೂ ಪುಕ್ಕಟೆಯಾಗಿ ಬಂದದ್ದಲ್ಲ. ಅಲ್ಲಿನ ಸೇನಾಡಳಿತದ ಕಾಲದಲ್ಲಿ ಕಾಮಿಕ್ಸ್ ಅಚ್ಚಿಗೆ ಹೋಗುವ ಮೊದಲೇ ಕತ್ತರಿ ಬೀಳುತ್ತಿತ್ತು. ಮಕ್ಕಳನ್ನು ಕೆಡಿಸುವ ಕಸವೆಂದು ಅವನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ಕಾಮಿಕ್ಸ್ ಎಂದರೆ ಮಕ್ಕಳ ಓದು ಮಾತ್ರ ಎಂಬ ತಿಳಿವಳಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುವುದರಿಂದಲೇ ಇದನ್ನಿಲ್ಲಿ ನೆನೆಯುತ್ತಿದ್ದೇನೆ.

ನಾನು ಹೆಸರಿಸಿದವುಗಳಲ್ಲಿ 'ತಾಯಂದಿರು' ಮತ್ತು 'ಹುಲ್ಲು' ಇಂಗ್ಲಿಷ್ ಬಲ್ಲವರ ಕೈಗಾದರೂ ಸಿಗುತ್ತವೆ. ಕನ್ನಡ ಮಾತ್ರ ಓದುವ, ಈ ಕಥೆಗಳು ಎಲ್ಲರಿಗಿಂತ ಹೆಚ್ಚು ಸಲ್ಲಬೇಕಾದ ನಮ್ಮ ತಾಯಂದಿರ ಕೈಗೆ ಅವು ತಲುಪುತ್ತಿಲ್ಲ. ತಮ್ಮ ಪುರವಣಿಯಲ್ಲಿ ತಿಂಗಳಿಗೊಮ್ಮೆಯಾದರೂ ಇಂಥ ಒಂದು ಕೃತಿಯನ್ನು ಪರಿಚಯಿಸಿ, ಹಕ್ಕುದಾರರ ಅನುಮತಿ ಪಡೆದು ಅದರ ಕೆಲವು ಪುಟಗಳನ್ನು ಕನ್ನಡದಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಕೊರಿಯಾದ ಸಾಹಿತ್ಯ ಅನುವಾದ ಸಂಸ್ಥೆ ಅನ್ಯಭಾಷೆಗಳ ಅನುವಾದಕ್ಕೆ ಧನಸಹಾಯ ನೀಡುತ್ತದೆ; ನಮ್ಮಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಿದೆ. ಕನ್ನಡದ ಪ್ರಕಾಶಕರು ಈ ಎರಡೂ ಕಡೆ ಪತ್ರ ಬರೆದು ವಿಚಾರಿಸಬೇಕು. ಮೊದಲು ಆಯ್ದುಕೊಳ್ಳುವುದು ಒಂದೇ ಪುಸ್ತಕವಾದರೆ, ಅದು 'ತಾಯಂದಿರು' ಆಗಲಿ ಎಂಬುದು ನನ್ನ ಸಲಹೆ.

ಇಂತಿ,
ತಮ್ಮ ಪತ್ರಿಕೆಯ ಓದುಗರೊಬ್ಬರು, ಧಾರವಾಡ