ಪಿಕಪ್ಪು ಏರು ಹತ್ತಿತು: ಟೇಪು ಹಿಡಿದ ಕೈಗಳಿಗೆಲ್ಲ ನಮಸ್ಕಾರ

ಹಿಂದಿನ ಎರಡೇ ಚಕ್ರ ಎಳೆಯುವ ಟೂ ವೀಲ್ ಆಗಿದ್ದ ಹಳೇ ಮಹೀಂದ್ರಾ ಪಿಕಪ್ಪು ಪ್ಯೂಜೋ ಇಂಜಿನ್ ಇಳಿಸಿ, 2.5 ಲೀಟರಿನ ಎಂಡಿಐ ಡೀಸೆಲ್ ಇಂಜಿನ್ ಹೊತ್ತು, ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಆಗಿ ಸಕಲೇಶಪುರದ ಕಡೆಯ ತೋಟದಲ್ಲಿ ಕೆಸರು ತುಳಿಯುತ್ತಿದೆ. ಕೈಹಾಕಿದವರು ಅನೇಕರು. ಮೊದಲ ನಮಸ್ಕಾರ ಮಾತ್ರ "ಕಟರ್ ಕೆಳಗಿಡಿ, ಮೊದಲು ಅಳೀರಿ" ಎಂದ ಹಿರಿಯ ಮೇಸ್ತ್ರಿಗೆ.

ಗೇರ್‌ಬಾಕ್ಸಿನ ಬಲವನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆ, ಅಂದರೆ ಜೀಪಿನ ಡಾನಾ 18 ಟ್ರಾನ್ಸ್‌ಫರ್ ಕೇಸಿನ ಎರಡೂ ಔಟ್‌ಪುಟ್ ಬಲಕ್ಕೆ ಸರಿದಿರುತ್ತವೆ. ಮುಂದಿನ ಹೌಸಿಂಗ್ (ಡಿಫರೆನ್ಶಿಯಲ್ ಇರುವ ಆಕ್ಸಲ್) ಒಂದು ತಂದರೆ ಸಾಕು ಅಂದುಕೊಂಡವರು ಎಡವುವುದು ಇಲ್ಲೇ. ಹಿಂದೆ ನಡುವೆ ಪಿನಿಯನ್ (ಶಾಫ್ಟು ಸೇರುವ ಚಿಕ್ಕ ಹಲ್ಲುಗಾಲಿ) ಇರುವ ಹೌಸಿಂಗನ್ನೇ ಉಳಿಸಿಕೊಂಡರೆ ಪ್ರೊಪೆಲ್ಲರ್ ಶಾಫ್ಟ್ ಓರೆಯಾಗಿ ಕೂತು, ತುದಿಯ ಕೀಲಿನ ಕ್ರಾಸ್ ಮೇಲೆ ಕ್ರಾಸ್ ತಿನ್ನುತ್ತದೆ. ಆದ್ದರಿಂದ ಹಿಂದಿನದೂ ಬಲಕ್ಕೆ ಪಿನಿಯನ್ ಇರುವ ಜೀಪಿನ ಹೌಸಿಂಗೇ ಆಗಬೇಕು, ಸ್ಪ್ರಿಂಗ್ ಕೂರುವ ಪ್ಯಾಡುಗಳನ್ನು ಚಾಸಿಯ ಅಳತೆಗೆ ಸರಿಸಿಕೊಳ್ಳಬೇಕು. ಹೊರುವ ಭಾರವನ್ನೂ ಜೀಪಿನ ಮಟ್ಟಕ್ಕೆ ಇಳಿಸಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಗುಜರಿ ಅಂಗಡಿಯ ಸಾಹೇಬರಿಗೆ ಎರಡು ಪಟ್ಟು ಸಲಾಂ, ಕವರ್ ಬಿಚ್ಚಿ ಪಿನಿಯನ್ ತಿರುಗಿಸುವ ದೊಡ್ಡ ಹಲ್ಲುಗಾಲಿ ಕ್ರೌನಿನ ಹಲ್ಲು ಎಣಿಸಲು ಬಿಟ್ಟರಲ್ಲ! ಕ್ರೌನಿನ 43ಕ್ಕೆ ಪಿನಿಯನ್ನಿನ 8 ಇದ್ದರೆ ರೇಷಿಯೋ 5.38, 39ಕ್ಕೆ 8 ಇದ್ದರೆ 4.88. ಹಿಂದೆ ಮುಂದೆ ಬೇರೆ ಬೇರೆ ಬಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡು ಹೌಸಿಂಗುಗಳ ನಡುವೆ ಜಗ್ಗಾಟ ಶುರು. ಬಿಚ್ಚಲು ಬಿಡದ ಅಂಗಡಿಯಲ್ಲಿ ಒಂದು ಕಡೆಯ ಡ್ರಮ್ ತಿರುಗದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತಿತೋ ಅದೇ ರೇಷಿಯೋ. ಚಾಕ್‌ಪೀಸಿನ ಗುರುತಿದ್ದರೆ ಅರ್ಧ ಸುತ್ತಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇಲ್ಲಿ ಎರಡೂ 5.38. ನಿಧಾನಕ್ಕೆ ಜಾಸ್ತಿ ಬಲ ಕೊಡುವ ಲೋ ಹಾಕಿದರೆ ಕೇಸಿನ 2.46ರಿಂದ ಗುಣಿಸಿ, ನೇರ ಟಾಪ್ ಗೇರಿನಲ್ಲೇ 13.2 ಸಿಗುತ್ತದೆ. ಆದರೆ ಲೋ ಇಲ್ಲದ ಟಾಪ್ ಗೇರಿನಲ್ಲೂ, ಚಕ್ರದ ಸುತ್ತಳತೆ 2.25 ಮೀಟರ್ ಇದ್ದರೆ ಗಂಟೆಗೆ 60 ಕಿ.ಮೀ.ಗೇ ಇಂಜಿನ್ ಸುಮಾರು 2,400 ಆರ್‌ಪಿಎಂ ಮುಟ್ಟುತ್ತದೆ. ರಸ್ತೆಯ ಗಾಡಿಗಾದರೆ 4.88 ವಾಸಿ.

ಲೇತಿನ ಟರ್ನರ್ ಅಣ್ಣನ ಋಣ ದೊಡ್ಡದು. ಪ್ಯೂಜೋದ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ) ಎಂಡಿಐಗೆ ಕೂರುವುದಿಲ್ಲ. ನಡುವಿನ ಪ್ಲೇಟು ಕಡೆದ ಮೇಲೆ ಇಂಜಿನ್ ಹಿಂದಿನ ಭಾರದ ಗಾಲಿ ಫ್ಲೈವೀಲಿಗೆ ಸೂಕ್ಷ್ಮ ಅಳತೆಯ ಡಯಲ್ ಗೇಜ್ ಕಟ್ಟಿ, ಬೆಲ್ ಹೌಸಿಂಗಿನ ತೂತಿನ ಸುತ್ತ ಓಡಿಸಿದರು. ಮುಳ್ಳು ಒಟ್ಟು 0.13 ಮಿ.ಮೀ. ದಾಟಬಾರದು ಎಂದು ಹಟ ಹಿಡಿದು ಎರಡು ಸಲ ಪ್ಲೇಟು ಬಿಚ್ಚಿಸಿದರು. ಸೆಂಟರ್ ತಪ್ಪಿದರೆ ಮೊದಲು ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬುಷ್ ಸವೆಯುತ್ತದೆ, ಆಮೇಲೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಕೂಗುತ್ತದೆ. ಆಗ ಎಲ್ಲರೂ ಬೈಯುವುದು ಗೇರ್‌ಬಾಕ್ಸನ್ನು.

ವೆಲ್ಡರ್ ತಮ್ಮನ ತಾಳ್ಮೆಗೂ ವಂದನೆ. ರೇಡಿಯೇಟರ್, ಸ್ಟೇರಿಂಗ್, ಸೈಲೆನ್ಸರ್ ಪೈಪು, ಬಲಗಡೆಯ ಮುಂದಿನ ಶಾಫ್ಟು ಎಲ್ಲ ಕೂರುವ ತನಕ ಇಂಜಿನ್ ಮೌಂಟಿಂಗಿಗೆ ಬರೀ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹೊಡೆದರು. ಮುಂದಿನ ಹೌಸಿಂಗನ್ನು ಸ್ಪ್ರಿಂಗಿನ ಏರಿಕೆ ತಡೆಯುವ ಬಂಪ್ ಸ್ಟಾಪಿಗೆ ತಾಗುವವರೆಗೆ ಜಾಕಿಯಲ್ಲಿ ಎತ್ತಿ, ಇಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಒಂದಿಂಚಾದರೂ ಜಾಗ ಉಳಿದಿದೆಯೇ ಎಂದು ನೋಡಿದರು. ಗಾಡಿ ನಿಂತಾಗ ಜಾಗ ಕಂಡಿತೆಂದು ಪೂರ್ತಿ ವೆಲ್ಡ್ ಮಾಡಿದರೆ ಮೊದಲ ಹಳ್ಳದಲ್ಲೇ ಚೇಂಬರ್ ಒಡೆಯುತ್ತದೆ. ಬ್ರೇಕಿನ ಹೋಸನ್ನು ಅಳೆದದ್ದು ಚಕ್ರ ಪೂರ್ತಿ ಇಳಿಬಿಟ್ಟಾಗ.

ಶಾಫ್ಟು ಬ್ಯಾಲೆನ್ಸ್ ಮಾಡಿದವರಿಗೆ, ಹಿತ್ತಾಳೆ ಸಿಂಕ್ರೋ (ಗೇರು ಸಲೀಸಾಗಿ ಕೂರಿಸುವ ಉಂಗುರ) ಇರುವ ಗೇರ್‌ಬಾಕ್ಸಿಗೆ ಜಿಎಲ್-5 ದರ್ಜೆಯ ಆಯಿಲ್ ಬೇಡ, ಜಿಎಲ್-4 ಹಾಕಿ ಎಂದವರಿಗೆ ಥ್ಯಾಂಕ್ಸ್.

ಕಾನೂನು ತಿಳಿಸಿದ ವಕೀಲರನ್ನು ಮರೆಯುವಂತಿಲ್ಲ. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದಕ್ಕೇ ಈ ಗಾಡಿ ತೋಟದ ಗೇಟು ದಾಟುವುದಿಲ್ಲ.

ಓಡಿಸುವ ಅಣ್ಣನಿಗೆ ಒಂದು ಮಾತು: ಕಾಫಿ ಕಣದ ಸಿಮೆಂಟಿನ ಮೇಲೆ ಫೋರ್ ವೀಲ್ ಬೇಡ. ಫೋರ್ ವೀಲ್ ಲಿವರ್ ಬಿಗಿದುಕೊಂಡರೆ ಗುದ್ದಬೇಡಿ, ನಾಲ್ಕು ಮಾರು ರಿವರ್ಸ್ ಬನ್ನಿ, ತಾನೇ ಸಡಿಲಾಗುತ್ತದೆ. ಹೌಸಿಂಗಿಗೆ ಸ್ಪ್ರಿಂಗ್ ಕಟ್ಟುವ ಯು-ಬೋಲ್ಟನ್ನು ಇನ್ನೊಮ್ಮೆ ಬಿಗಿಯುವುದಿದೆ. ಆ ದಿನ ಎಲ್ಲರೂ ತೋಟಕ್ಕೇ ಬನ್ನಿ, ಕಾಫಿ ಅಲ್ಲೇ.