ಮಗಳಿಗೊಂದು ಪತ್ರ: ಹನ್ನೊಂದು ಊರಿನಿಂದ ಐದಕ್ಕೆ ಇಳಿಸುವುದು

ಶಿರಸಿ

ಪ್ರೀತಿಯ ಮಗಳಿಗೆ ಆಯಿಯ ಆಶೀರ್ವಾದ.

ನೀನು ಕಳಿಸಿದ ಯುರೋಪಿನ ಪಟ್ಟಿ ನೋಡಿದೆ. ಲಿಸ್ಬನ್, ಬಾರ್ಸಿಲೋನಾ, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್, ವೆನಿಸ್, ಫ್ಲಾರೆನ್ಸ್, ರೋಮ್. ಒಟ್ಟು ಹನ್ನೊಂದು. ನಿನಗಿರುವ ರಜೆ 18 ದಿನ. ಹೋಗಿಬರುವ ವಿಮಾನದ ಹೊತ್ತು ಕಳೆದರೆ ಅಲ್ಲಿ ಮಲಗಲು ಸಿಗುವುದು 16 ರಾತ್ರಿ. ಊರಿನ ಹೆಸರು ಬರೆಯುವ ಮೊದಲು ಈ 16ನ್ನು ಹಾಳೆಯ ಮೇಲೆ ಬರೆದುಕೋ. ಹಂಚಬೇಕಾದದ್ದು ಅದನ್ನೇ.

ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಎಂದು ಕೇಳಿದರೆ ಎಲ್ಲರೂ ರೈಲಿನ ಹೊತ್ತನ್ನೇ ಹೇಳುತ್ತಾರೆ. ಬರ್ಲಿನ್‌ನಿಂದ ಪ್ರಾಗಿಗೆ ನಾಲ್ಕೂಕಾಲು ತಾಸು ಎಂದುಕೋ. ಬೆಳಿಗ್ಗೆ ಚೀಲ ಕಟ್ಟಿ 10ಕ್ಕೆ ಕೋಣೆ ಬಿಟ್ಟು, ಅರ್ಧ ತಾಸು ಮುಂಚೆ ನಿಲ್ದಾಣ ಮುಟ್ಟಿ, 11ರ ಸುಮಾರಿಗೆ ರೈಲು ಹತ್ತಿದರೆ ಇಳಿಯುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಟ್ರ್ಯಾಮ್ ಹಿಡಿದು, ಕೋಣೆ ಸೇರಿ, ಮುಖ ತೊಳೆದು ಹೊರಬೀಳುವಾಗ ಐದು. ಹೆಚ್ಚಿನ ಮ್ಯೂಸಿಯಂಗಳು ಬಾಗಿಲು ಹಾಕುವ ಹೊತ್ತು ಅದು. ಹನ್ನೊಂದು ಊರೆಂದರೆ ಹತ್ತು ಸಲ ಹೀಗೆ ಸ್ಥಳಾಂತರ. ಒಂದಕ್ಕೆ ಅರ್ಧ ದಿನ ಎಂದರೂ ಐದು ಹಗಲು ಹೋಯಿತು. ವಿಯೆನ್ನಾದಿಂದ ವೆನಿಸ್‌ಗೆ ಏಳೂವರೆ ತಾಸು ಮೇಲೆ ಬೇಕು, ಪ್ಯಾರಿಸ್‌ನಿಂದ ಬಾರ್ಸಿಲೋನಾಕ್ಕೆ ಆರೂವರೆ ಮೇಲೆ. ಅಲ್ಲಿ ಅರ್ಧವಲ್ಲ, ಪೂರ್ತಿ ದಿನವೇ ಹೋಗುತ್ತದೆ. ಲಿಸ್ಬನ್ನಿನಿಂದ ಮ್ಯಾಡ್ರಿಡ್ ಕಡೆ ಹೋಗುತ್ತಿದ್ದ ರಾತ್ರಿ ರೈಲು 2020ರಲ್ಲಿ ನಿಂತಿತು. ಆ ಊರಿಗೆ ಹೋದರೆ ಮುಂದಿನ ದಾರಿಗೆ ವಿಮಾನವೇ ಸಲೀಸು.

ರಾತ್ರಿ ರೈಲಿನಲ್ಲಿ ಹೋದರೆ ಹಗಲು ಉಳಿಯುತ್ತದಲ್ಲ ಎಂದು ನೀನು ಬರೆದಿದ್ದೀಯ. ಶಿರಸಿಯಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಗಿಗೆ ಬೆಂಗಳೂರಿನಲ್ಲಿ ನಿನ್ನ ರೂಮು ಸೇರಿದ ಹಾಗಲ್ಲ ಅದು. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಇಳಿದರೂ ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ಸ್ನಾನವಿಲ್ಲದೆ, ಅರೆನಿದ್ದೆಯಲ್ಲಿ ಊರು ಸುತ್ತಬೇಕು. ಮಲಗುವ ಬರ್ತಿನ ದರವೂ ಹೋಟೆಲಿಗಿಂತ ಬಹಳ ಕಡಿಮೆ ಇರುವುದಿಲ್ಲ.

ಹಾಗಾದರೆ ಯಾವುದನ್ನು ಉಳಿಸುವುದು? ನಿನ್ನ ಓದು, ಕೆಲಸ ಎರಡೂ ಆರ್ಕಿಟೆಕ್ಚರ್. ಆ ಕಣ್ಣಿನಿಂದ ನೋಡಿದರೆ ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಒಂದೇ ರೈಲುದಾರಿಯಲ್ಲಿ ಸಾಲಾಗಿ ಇವೆ. ನಿನ್ನ ಪಟ್ಟಿಯಲ್ಲಿ ಇಲ್ಲದ ಒಂದು ಊರನ್ನು ನಾನು ಸೇರಿಸುತ್ತೇನೆ: ಬ್ರನೋ. ಪ್ರಾಗ್ ಮತ್ತು ವಿಯೆನ್ನಾ ನಡುವಿನ ಊರು. ಪ್ರಾಗಿನಿಂದ ಎರಡೂವರೆ ತಾಸು, ಅಲ್ಲಿಂದ ವಿಯೆನ್ನಾಕ್ಕೆ ಒಂದೂವರೆ. ಹೇಗಿದ್ದರೂ ನಿನ್ನ ರೈಲು ಅಲ್ಲಿ ನಿಂತೇ ಹೋಗುತ್ತದೆ.

ಬ್ರನೋದಲ್ಲಿ ಇರುವುದು ಜರ್ಮನ್ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಕಟ್ಟಿದ ವಿಲ್ಲಾ ತುಗೆಂಧಾಟ್, 1930ರಲ್ಲಿ ಮುಗಿದ ಮನೆ. 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತಿನ ಸಾದಾ ಮನೆ. ಇಳಿಜಾರಿನ ಕಡೆಯಿಂದ ನೋಡಿದರೆ ಮೂರು ಅಂತಸ್ತು. ಮೆಟ್ಟಿಲಿಳಿದು ದೊಡ್ಡ ಕೋಣೆಗೆ ಬಂದರೆ ಗೋಡೆ ಭಾರ ಹೊರುವುದೇ ಇಲ್ಲ, ಶಿಲುಬೆಯಾಕಾರದ ಉಕ್ಕಿನ ಸಪೂರ ಕಂಬಗಳೇ ಮಾಡು ಹೊತ್ತಿವೆ. ತೋಟದ ಕಡೆಯ ಎರಡು ದೊಡ್ಡ ಗಾಜುಗಳು ಮೋಟಾರಿನಿಂದ ಪೂರ್ತಿ ನೆಲದೊಳಗೆ ಇಳಿಯುತ್ತವೆ. ನಡುವೆ ಮೊರಾಕ್ಕೋದ ಓನಿಕ್ಸ್ ಕಲ್ಲಿನ ಒಂದು ಗೋಡೆ. ಚಳಿಗಾಲದ ಇಳಿಬಿಸಿಲು ಬಿದ್ದಾಗ ಆ ಕಲ್ಲು ಕೆಂಪಗೆ ಬೆಳಗುತ್ತದೆ. ಬರ್ಲಿನ್ನಿನ ನ್ಯೂ ನ್ಯಾಷನಲ್ ಗ್ಯಾಲರಿಯೂ ಅದೇ ಕೈಯದು, 1968ರದು. ಅಲ್ಲಿ ಇಡೀ ಚೌಕ ಮಾಡನ್ನು ಹೊರಬದಿಯ ಎಂಟೇ ಕಂಬಗಳು ಹೊತ್ತಿವೆ. ಮೊದಲು ಬರ್ಲಿನ್, ಆಮೇಲೆ ಬ್ರನೋ ನೋಡಿದರೆ ಒಬ್ಬನೇ ಮನುಷ್ಯನ ಮೂವತ್ತೆಂಟು ವರ್ಷವನ್ನು ಹಿಂದಕ್ಕೆ ನಡೆದ ಹಾಗೆ.

ಆದರೆ ಆ ಮನೆಗೆ ಒಮ್ಮೆಗೆ ಸ್ವಲ್ಪ ಜನರನ್ನೇ ಬಿಡುತ್ತಾರೆ. ಒಳಗೆ ನೋಡಲು ಗೈಡ್ ಜೊತೆಗೇ ಹೋಗಬೇಕು, ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮುಗಿಯುತ್ತದೆ. ಸೋಮವಾರ ಬಾಗಿಲು ಹಾಕಿರುತ್ತಾರೆ. ಆದ್ದರಿಂದ ಮೊದಲು ಈ ಒಂದು ದಿನವನ್ನು ಗಟ್ಟಿಮಾಡಿಕೋ, ಉಳಿದ ಊರುಗಳ ತಾರೀಖನ್ನು ಅದರ ಹಿಂದೆ ಮುಂದೆ ಹೊಂದಿಸು. ಎಲ್ಲ ಹೋಟೆಲೂ ಬುಕ್ ಮಾಡಿ ಕೊನೆಗೆ ಇಲ್ಲಿಗೆ ಬಂದರೆ ಟಿಕೆಟ್ ಇರುವುದಿಲ್ಲ.

ನನ್ನ ಲೆಕ್ಕ ಹೀಗೆ: ಬರ್ಲಿನ್ 5 ರಾತ್ರಿ, ಪ್ರಾಗ್ 3, ಬ್ರನೋ 1, ವಿಯೆನ್ನಾ 4, ಬುಡಾಪೆಸ್ಟ್ 3. ಸೋಮವಾರ ಬರ್ಲಿನ್ನಿಗೆ ಇಳಿ. ಅಲ್ಲಿನ ಮ್ಯೂಸಿಯಂಗಳು ಹೆಚ್ಚಾಗಿ ಸೋಮವಾರ ಮುಚ್ಚಿರುತ್ತವೆ, ನಿನಗೂ ಅವತ್ತು ನಿದ್ದೆಯೇ ಬೇಕು. ಶನಿವಾರ ಪ್ರಾಗ್. ಅಲ್ಲಿನ ಯಹೂದಿ ಕೇರಿಯ ಸಿನಗಾಗ್‌ಗಳಿಗೆ ಶನಿವಾರ ರಜೆ, ಅವನ್ನು ಭಾನುವಾರಕ್ಕೆ ಇಟ್ಟುಕೋ. ಮಂಗಳವಾರ ಬ್ರನೋ, ಬುಧವಾರ ಬೆಳಿಗ್ಗೆ ವಿಲ್ಲಾ, ಸಂಜೆ ವಿಯೆನ್ನಾ. ಭಾನುವಾರ ವಿಯೆನ್ನಾ ಬಿಟ್ಟು ಬುಡಾಪೆಸ್ಟ್, ಬುಧವಾರ ವಾಪಸು ವಿಮಾನ. ವಿಯೆನ್ನಾಕ್ಕೆ ವಾರಾಂತ್ಯ ಬರಲೇಬೇಕೆಂದು ಹೀಗೆ ಹೊಂದಿಸಿದ್ದೇನೆ. ವಾಸ್ತುಶಿಲ್ಪಿ ಒಟ್ಟೊ ವಾಗ್ನರ್ 1907ರಲ್ಲಿ ಮುಗಿಸಿದ ಸ್ಟೈನ್‌ಹೋಫ್ ಚರ್ಚು ವಾರಾಂತ್ಯದಲ್ಲಿ ಕೆಲವೇ ತಾಸು ತೆರೆದಿರುತ್ತದೆ. ಹೋಗುವ ಮೊದಲು ಆ ವಾರದ ವೇಳೆ ನೋಡಿಕೋ. ಅವನದೇ ಅಂಚೆ ಉಳಿತಾಯ ಬ್ಯಾಂಕಿನ ಹೊರಗೋಡೆಯ ಹತ್ತಿರ ಹೋಗಿ ನಿಲ್ಲು: ಅಮೃತಶಿಲೆಯ ಹಲಗೆಗಳ ಮೇಲೆ ಅಲ್ಯುಮಿನಿಯಂ ತಲೆಯ ಬೋಲ್ಟುಗಳು, ಅವೇ ಅಲಂಕಾರ. ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದು ಕಿಲೋಮೀಟರಿಗೂ ಉದ್ದದ ವಸತಿ ಕಟ್ಟಡಕ್ಕೆ ಯು4 ಮೆಟ್ರೋ ಹತ್ತಿ ಹೈಲಿಗೆನ್‌ಸ್ಟಾಟ್‌ನಲ್ಲಿ ಇಳಿ, ಎದುರಿಗೇ ಇದೆ.

ಬರ್ಲಿನ್ನಿಗೆ ಐದು ರಾತ್ರಿ ಏಕೆಂದರೆ ಒಂದು ಹಗಲು ಡೆಸ್ಸಾವ್‌ಗೆ. ಅಲ್ಲಿರುವುದು ವಾಸ್ತುಶಿಲ್ಪಿ ಗ್ರೋಪಿಯಸ್ ಕಟ್ಟಿದ ಬೌಹೌಸ್ ವಿನ್ಯಾಸ ಶಾಲೆಯ ಕಟ್ಟಡ, 1926. ಪ್ರಾದೇಶಿಕ ರೈಲಿನಲ್ಲಿ ಎರಡು ತಾಸಿನೊಳಗೆ ಮುಟ್ಟಬಹುದು, ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಬರ್ಲಿನ್ನಿನ ಸಂಸತ್ ಭವನ ರೈಕ್‌ಸ್ಟಾಗ್‌ನ ಗಾಜಿನ ಗುಮ್ಮಟಕ್ಕೆ ದುಡ್ಡಿಲ್ಲ, ಆದರೆ ಮೊದಲೇ ಹೆಸರು, ಜನ್ಮದಿನಾಂಕ ಕೊಟ್ಟು ನೋಂದಾಯಿಸಬೇಕು. ಪೆರ್ಗಮೋನ್ ಮ್ಯೂಸಿಯಂ 2023ರ ಅಕ್ಟೋಬರಿನಿಂದ ದುರಸ್ತಿಗೆಂದು ಮುಚ್ಚಿದೆ. ಅದನ್ನು ನೆಚ್ಚಿಕೊಂಡು ಹೋಗಬೇಡ.

ವೀಸಾ ವಿಷಯ ಗಮನವಿಟ್ಟು ಓದು ತಂಗಿ, ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಈ ನಾಲ್ಕೂ ದೇಶ ಷೆಂಗೆನ್ ಎಂಬ ಯುರೋಪಿನ ಒಂದೇ ವೀಸಾ ವಲಯದ ಒಳಗಿವೆ, ಒಂದೇ ವೀಸಾ ಸಾಕು. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ. ದಿನ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನನ್ನ ಲೆಕ್ಕದಲ್ಲಿ ಜರ್ಮನಿಗೆ 5, ಚೆಕ್ ದೇಶಕ್ಕೆ ಪ್ರಾಗ್ ಬ್ರನೋ ಸೇರಿ 4, ಆಸ್ಟ್ರಿಯಾಕ್ಕೆ 4, ಹಂಗೇರಿಗೆ 3. ಹಾಗಾಗಿ ಜರ್ಮನಿ. ಬರ್ಲಿನ್ನಿನ ಒಂದು ರಾತ್ರಿ ತೆಗೆದು ಬ್ರನೋಕ್ಕೆ ಕೊಟ್ಟೆಯೋ, ಚೆಕ್ 5, ಜರ್ಮನಿ 4 ಆಗಿ ಅರ್ಜಿಯೇ ಬೇರೆ ದೇಶಕ್ಕೆ ಹೋಗಬೇಕು. ಅದಕ್ಕೇ ರಾತ್ರಿಗಳ ಹಂಚಿಕೆ ಮುಗಿಯದೆ ಅಪಾಯಿಂಟ್‌ಮೆಂಟ್ ತೆಗೆಯಬೇಡ, ತೆಗೆದ ಮೇಲೆ ಹಂಚಿಕೆ ಬದಲಿಸಬೇಡ.

ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಕಡೇಪಕ್ಷ 15 ದಿನ ಮೊದಲು ಹಾಕಿರಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವು ಸಲ 45ರವರೆಗೂ ಎಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಹೊರಡುವುದಾದರೆ ಜೂನ್‌ನಲ್ಲೇ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಿನ ಹಿಡಿದುಕೋ. ಶುಲ್ಕ 90 ಯೂರೋ, ಮೇಲೆ ಕೇಂದ್ರದ ಸೇವಾಶುಲ್ಕ. ವಿಮೆ 30,000 ಯೂರೋಕ್ಕೆ ಕಡಿಮೆ ಇರಬಾರದು. ಪಾಸ್‌ಪೋರ್ಟಿಗೆ ವಾಪಸು ಬರುವ ದಿನದಿಂದ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ರಜೆಗೆ ಆಫೀಸಿನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ರಾತ್ರಿಗೂ ಹೋಟೆಲ್ ಬುಕಿಂಗ್. ಒಂದು ರಾತ್ರಿಗೆ ಬುಕಿಂಗ್ ತಪ್ಪಿದ್ದರೂ ಪ್ರಶ್ನೆ ಬರುತ್ತದೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿ.

ವಿಮಾನಕ್ಕೆ ಹೋಗಿಬರುವ ಟಿಕೆಟ್ ಹುಡುಕಬೇಡ, ಮಲ್ಟಿ ಸಿಟಿ ಎಂದು ಕೊಟ್ಟು ಹೋಗುವುದಕ್ಕೆ ಬರ್ಲಿನ್, ಬರುವುದಕ್ಕೆ ಬುಡಾಪೆಸ್ಟ್ ಹಾಕು. ಎರಡು ಬಿಡಿ ಟಿಕೆಟ್ ಮಾಡಬೇಡ, ಒಂದೇ ಟಿಕೆಟ್ಟಿನಲ್ಲಿ ಇರಲಿ. ಮತ್ತೆ ಬರ್ಲಿನ್ನಿಗೇ ಬಂದು ವಿಮಾನ ಹತ್ತುವುದೆಂದರೆ ಒಂದು ದಿನವೂ ಟಿಕೆಟ್ಟಿನ ದುಡ್ಡೂ ದಂಡ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ. ಆ ಕಡೆಯ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುವುದು ಹೆಚ್ಚು. ಟಿಕೆಟ್ಟಿನಲ್ಲಿ ಸೋಮವಾರ 2 ಗಂಟೆ ಎಂದಿದ್ದರೆ ಭಾನುವಾರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಫ್ರಾಂಕ್‌ಫರ್ಟ್‌ನಲ್ಲೇ ನಿನ್ನ ಗಡಿ ತಪಾಸಣೆ. 2025ರ ಅಕ್ಟೋಬರಿನಿಂದ ಹೊರದೇಶದವರ ಬರಹೋಗುವಿಕೆಯನ್ನು ಕಂಪ್ಯೂಟರಿನಲ್ಲೇ ದಾಖಲಿಸುವ ವ್ಯವಸ್ಥೆ ಬಂದಿದೆ, ಸಾಲು ನಿಧಾನವಾಗಬಹುದು. ಬರ್ಲಿನ್ ವಿಮಾನಕ್ಕೆ ನಡುವೆ ಮೂರು ತಾಸು ಇರಲಿ.

ಸೆಪ್ಟೆಂಬರ್ ಕೊನೆಗೆ ಹಗಲು ಹನ್ನೆರಡು ತಾಸು, ಸೆಕೆಯೂ ಇಲ್ಲ, ಹಿಮವೂ ಇಲ್ಲ. ಅಕ್ಟೋಬರ್ 3 ಜರ್ಮನಿಯ ರಾಷ್ಟ್ರೀಯ ರಜೆ, ಅಂಗಡಿ ಇರುವುದಿಲ್ಲ. ಅಕ್ಟೋಬರ್ 23 ಹಂಗೇರಿಗೆ, 26 ಆಸ್ಟ್ರಿಯಾಕ್ಕೆ, 28 ಚೆಕ್ ದೇಶಕ್ಕೆ ರಜೆ. ಅಕ್ಟೋಬರ್ 20ರೊಳಗೆ ಮುಗಿಸಿದರೆ ಈ ಕೊನೆಯ ಮೂರೂ ಅಡ್ಡ ಬರುವುದಿಲ್ಲ.

ಈ ದಾರಿಗೆ ರೈಲು ಪಾಸ್ ಬೇಡ. ನಾಲ್ಕೇ ಪ್ರಯಾಣ, ಬಿಡಿ ಟಿಕೆಟ್ ಮೊದಲೇ ತೆಗೆದರೆ ಅಗ್ಗ. ಜರ್ಮನ್ ರೈಲ್ವೆಯ ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ನಡೆಯುತ್ತದೆ, ತಪ್ಪಿಸಿಕೊಂಡರೆ ಹೋಯಿತು. ರೈಲೇ ಒಂದು ತಾಸು ತಡವಾದರೆ ಕಾಲು ಭಾಗ, ಎರಡು ತಾಸಾದರೆ ಅರ್ಧ ದುಡ್ಡು ವಾಪಸು ಕೇಳಬಹುದು. ಪ್ರಾಗಿಗೆ ಹೋಗುವಾಗ ಎಡಗಡೆ ಕಿಟಕಿ ಹಿಡಿ, ಡ್ರೆಸ್ಡೆನ್ ದಾಟಿದ ಮೇಲೆ ಎಲ್ಬ ನದಿ ಆ ಬದಿಗೇ ಬರುತ್ತದೆ. ಗಡಿಯಲ್ಲಿ ಪೊಲೀಸರು ರೈಲು ಹತ್ತಬಹುದು, ಪಾಸ್‌ಪೋರ್ಟ್ ಮೇಲಿನ ಚೀಲದಲ್ಲಿ ಇಡಬೇಡ. ಪ್ರಾಗಿನಲ್ಲಿ ಟಿಕೆಟ್ ಕೊಂಡರೆ ಸಾಲದು, ಹಳದಿ ಪೆಟ್ಟಿಗೆಯಲ್ಲಿ ಒತ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ದಂಡ. ಹಳೇಪೇಟೆಯೆಲ್ಲ ಕಲ್ಲು ಹಾಸಿದ ಬೀದಿ, ಗಾಲಿಚೀಲ 12 ಕಿಲೋ ದಾಟದಿರಲಿ.

ಯೂರೋ ನಡೆಯುವುದು ಬರ್ಲಿನ್, ವಿಯೆನ್ನಾದಲ್ಲಿ. ಚೆಕ್‌ನಲ್ಲಿ ಕೊರುನಾ, ಬುಡಾಪೆಸ್ಟಿನಲ್ಲಿ ಫೋರಿಂಟ್. ಎಟಿಎಂ ಅಥವಾ ಕಾರ್ಡ್ ಯಂತ್ರ ರೂಪಾಯಿಯಲ್ಲಿ ಕಳೆಯಲೇ ಎಂದು ಕೇಳಿದರೆ ಬೇಡ ಎನ್ನು, ಅಲ್ಲಿಯ ನಾಣ್ಯವನ್ನೇ ಒತ್ತು. ರೂಪಾಯಿ ಎಂದರೆ ದರ ಅವರು ಹಾಕಿದ್ದು, ನಷ್ಟ ನಿನ್ನದು.

ಊಟಕ್ಕೆ ಬರ್ಲಿನ್ನಿನಲ್ಲಿ ಚಿಂತೆಯಿಲ್ಲ. ವಿಯೆನ್ನಾದಲ್ಲಿ ದೋಸೆಯ ಎಳೆಗಳಂತೆ ಕಾಣುವ ಫ್ರಿಟ್ಟಾಟನ್ ಸೂಪ್ ತರಕಾರಿಯದೆಂದು ತೋರುತ್ತದೆ, ಆದರೆ ಸಾರು ದನದ ಮಾಂಸದ್ದು. ಪ್ರಾಗಿನಲ್ಲೂ ಸೂಪಿನ ಸಾರು ಯಾವುದರದು ಎಂದು ಕೇಳಿಯೇ ತೆಗೆದುಕೋ. ವಿಯೆನ್ನಾ, ಬರ್ಲಿನ್‌ಗಳಲ್ಲಿ ಭಾನುವಾರ ಅಂಗಡಿಗಳಿಲ್ಲ, ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಇಲ್ಲಿಂದ ತುಪ್ಪ, ಪೇಡೆ ಒಯ್ಯುವಂತಿಲ್ಲ, ಹೊರದೇಶದ ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಡುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿ ಬೇಕಿದ್ದರೆ ಎರಡು ಪ್ಲಾಸ್ಟಿಕ್ ಚೀಲ ಸುತ್ತಿ ದೊಡ್ಡ ಚೀಲದಲ್ಲೇ ಹಾಕು; ಕೈಚೀಲದಲ್ಲಿಟ್ಟರೆ ದ್ರವವೆಂದು ತೆಗೆಸುತ್ತಾರೆ.

ವೆನಿಸ್, ಫ್ಲಾರೆನ್ಸ್, ರೋಮ್ ಬೇರೆ ಪ್ರಯಾಣಕ್ಕೆ ಇರಲಿ, ಅವುಗಳಿಗೇ ಒಂಬತ್ತು ರಾತ್ರಿ ಬೇಕು. ಪ್ಯಾರಿಸ್‌ಗೂ ಎರಡು ರಾತ್ರಿ ಕೊಡುವುದಕ್ಕಿಂತ ಕೊಡದಿರುವುದು ಮೇಲು. ಬ್ರನೋದ ಟಿಕೆಟ್ ಯಾವ ಬುಧವಾರಕ್ಕೆ ಸಿಕ್ಕಿತೆಂದು ಫೋನ್ ಮಾಡು. ವಿಮಾನದ ದಿನ ಅದರ ಮೇಲೆ ಕೂತು ನೋಡೋಣ.

ನಿನ್ನ ಆಯಿ