ಅಕ್ಕ, ಆ ‘ಮೆಟ್/ಮೆಟ್’ ಬಗ್ಗೆ

ಪ್ರೀತಿಯ ಅಕ್ಕ,

ನೀನು ಕಳಿಸಿದ ಜೀನ್ ಟೆಸ್ಟ್ ರಿಪೋರ್ಟ್ ಓದಿದೆ. ‘ಕಾಮ್ಟ್: ಮೆಟ್/ಮೆಟ್, ಆತಂಕದ ಸ್ವಭಾವ’ ಅಂತ ಕೆಂಪಕ್ಷರದಲ್ಲಿ ಹಾಕಿದ್ದಾರಲ್ಲ, ಅದರಲ್ಲಿ ಮೊದಲರ್ಧ ಸರಿ. ಉಳಿದರ್ಧಕ್ಕೆ ನಿದ್ದೆಗೆಡಬೇಡ.

ಕಾಮ್ಟ್ ಒಂದು ಕಿಣ್ವ. ಮೆದುಳಿನಲ್ಲಿ ಸಂದೇಶ ಸಾಗಿಸುವ ರಾಸಾಯನಿಕವಾದ ಡೋಪಮೈನ್‌ಗೆ ಮೀಥೈಲ್ ಗುಂಪು ಅನ್ನುವ ಚಿಕ್ಕ ತುಣುಕೊಂದನ್ನು ಅಂಟಿಸಿ ಅದನ್ನು ನಿಷ್ಕ್ರಿಯ ಮಾಡುವುದು ಅದರ ಕೆಲಸ. ಅದರ ಜೀನ್ ಇರುವುದು 22ನೇ ಕ್ರೋಮೋಸೋಮಿನಲ್ಲಿ. ಅಲ್ಲಿ ಒಂದು ಕಡೆ ಡಿಎನ್ಎ ಅಕ್ಷರ ಕೆಲವರಿಗೆ ‘ಜಿ’ ಇರುತ್ತದೆ, ಕೆಲವರಿಗೆ ‘ಎ’. ‘ಎ’ ಇದ್ದರೆ ಕಿಣ್ವದ 158ನೇ ಜಾಗದಲ್ಲಿ ವ್ಯಾಲಿನ್ (ಚಿಕ್ಕದಾಗಿ ‘ವ್ಯಾಲ್’) ಎಂಬ ಅಮೈನೊ ಆಮ್ಲದ ಬದಲು ಮೆಥಿಯೊನಿನ್ (‘ಮೆಟ್’) ಕೂರುತ್ತದೆ. ನಿನಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಮೆಟ್ ಬಂದಿವೆ. ಇದು ಕಾಯಿಲೆಯಲ್ಲ, ಅಪರೂಪವೂ ಅಲ್ಲ.

ಲ್ಯಾಬಿನಲ್ಲಿ ಇದನ್ನು ನಾನೇ ನೋಡಿದ್ದೇನೆ. ಒಂದು ಟ್ಯೂಬಿನಲ್ಲಿ ವ್ಯಾಲ್ ಕಿಣ್ವ, ಇನ್ನೊಂದರಲ್ಲಿ ಮೆಟ್. ಐಸ್ ಮೇಲಿರುವಾಗ ಎರಡೂ ಆರಾಮ. 37 ಡಿಗ್ರಿಗೆ, ಅಂದರೆ ನಮ್ಮ ಮೈಯ ಬಿಸಿಗೆ, ಬಿಟ್ಟು ಆಮೇಲೆ ಅಳೆದರೆ ವ್ಯಾಲ್ ಇನ್ನೂ ದುಡಿಯುತ್ತಿರುತ್ತದೆ, ಮೆಟ್ ಹಿಂದೆ ಬಿದ್ದಿರುತ್ತದೆ. ಬಿಸಿಗೆ ಅದರ ಆಕಾರ ಬೇಗ ಸಡಿಲವಾಗುತ್ತದೆ, ಅಷ್ಟೇ ವಿಷಯ. ಮೆಟ್‌ನ ಕೆಲಸ ಮೂರು ನಾಲ್ಕು ಪಟ್ಟು ಕಡಿಮೆ ಅಂತ ಪುಸ್ತಕಗಳಲ್ಲಿದೆ. ಮೆದುಳಿನ ಅಂಗಾಂಶದಲ್ಲೇ ಅಳೆದಾಗ ಅಷ್ಟು ದೊಡ್ಡ ಅಂತರ ಸಿಕ್ಕಿಲ್ಲ.

ಇದರ ಪರಿಣಾಮ ಮುಖ್ಯವಾಗಿ ಮೆದುಳಿನಲ್ಲಿ ಹಣೆಯ ಹಿಂದಿರುವ ಭಾಗದಲ್ಲಿ. ಬೇರೆ ಕಡೆ ಡೋಪಮೈನನ್ನು ಜೀವಕೋಶದೊಳಕ್ಕೆ ವಾಪಸ್ ಎಳೆದುಕೊಳ್ಳುವ ಪಂಪುಗಳು ಬೇಕಾದಷ್ಟಿವೆ, ಇಲ್ಲಿ ತೀರಾ ಕಡಿಮೆ. ಹಾಗಾಗಿ ಕಾಮ್ಟ್ ನಿಧಾನವಾದರೆ ಡೋಪಮೈನ್ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ. ಇಲ್ಲಿಯವರೆಗೆ ಒಪ್ಪೋಣ. ಅಲ್ಲಿಂದ ‘ನೀನು ಆತಂಕದವಳು’ ಅನ್ನುವವರೆಗೆ ಹಾರುವುದಿದೆಯಲ್ಲ, ಅದಕ್ಕೆ ಗಟ್ಟಿ ಆಧಾರವಿಲ್ಲ. ಒಂದು ಅಧ್ಯಯನದಲ್ಲಿ ಸಂಬಂಧ ಕಂಡರೆ ಇನ್ನೊಂದರಲ್ಲಿ ಕಾಣುವುದಿಲ್ಲ. ಆತಂಕದ ಹಿಂದೆ ನೂರಾರು ಜೀನ್‌ಗಳು ಚೂರುಚೂರು ಕೈಯಾಡಿಸಿರುತ್ತವೆ. ಬದುಕಿನ ಪಾಡು ಬೇರೆ. ಹೆಣ್ಣಿನ ಹಾರ್ಮೋನು ಈಸ್ಟ್ರೊಜನ್ ಕೂಡ ಕಾಮ್ಟನ್ನು ತಗ್ಗಿಸುತ್ತದೆ, ಅದನ್ನು ಈ ರಿಪೋರ್ಟ್ ಕೇಳಿದೆಯಾ?

ರಿಪೋರ್ಟಿನ ಜೊತೆಗೆ ಅವರು ನಿನಗೆ ಕಳಿಸಿರುವ ಮೆಗ್ನೀಸಿಯಂ ಡಬ್ಬಿ ಸುಮ್ನೆ ಖರ್ಚು. ಕಾಮ್ಟ್‌ಗೆ ಮೆಗ್ನೀಸಿಯಂ ಬೇಕು, ನಿಜ. ಹಾಗಂತ ಜಾಸ್ತಿ ನುಂಗಿದರೆ ಮೆಟ್ ಹೋಗಿ ವ್ಯಾಲ್ ಆಗುತ್ತಾ? ಆತಂಕ ಕಾಡುತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡು, ಈ ಹಾಳೆ ಇಟ್ಟುಕೊಂಡು ಕೂರಬೇಡ.

ಇನ್ನೊಂದು, ನೀನು ಚಿಕ್ಕಪ್ಪನ ಪಾರ್ಕಿನ್ಸನ್ ಮಾತ್ರೆ ಬಗ್ಗೆ ಕೇಳಿದ್ದೆ. ಹೊಸದಾಗಿ ಸೇರಿಸಿರುವ ಎಂಟಕಪೋನ್ ತಡೆಯುವುದು ಇದೇ ಕಾಮ್ಟನ್ನು. ಮೆದುಳಿನಲ್ಲಿ ಡೋಪಮೈನ್ ಆಗುವ ಔಷಧಿ ಲೆವೊಡೋಪ ದಾರಿಯಲ್ಲೇ ಪೋಲಾಗದೆ ಮೆದುಳಿಗೆ ಜಾಸ್ತಿ ತಲುಪಲಿ ಅಂತ. ಮೂತ್ರ ಕೆಂಪು ಕಂದು ಬಣ್ಣಕ್ಕೆ ತಿರುಗುವುದು ಆ ಮಾತ್ರೆಯಿಂದ ಆಗುವಂಥದ್ದೇ, ಅದರಿಂದ ತೊಂದರೆಯಿಲ್ಲ. ಗಾಬರಿಬಿದ್ದು ತಾವೇ ನಿಲ್ಲಿಸಬಾರದು ಅಂತ ಹೇಳು. ಆದರೂ ಬಣ್ಣದ ವಿಷಯ ಒಮ್ಮೆ ಅವರ ಡಾಕ್ಟರಿಗೆ ತಿಳಿಸಿರಲಿ. ಭಾನುವಾರ ನಾನೇ ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ.

ನಿನ್ನ ತಮ್ಮ